ರಕ್ತಕಣಕ್ಕೂ ಒಂದು ಅಳತೆಗೋಲು

ರಕ್ತಪರೀಕ್ಷೆಯ ವರದಿ ಕೈಗೆ ಬಂದರೆ ಹಿಮೊಗ್ಲೋಬಿನ್ ಎಷ್ಟಿದೆ ಎಂದು ಎಲ್ಲರೂ ನೋಡುತ್ತಾರೆ. ಅಲ್ಲೇ ಕೆಳಗಿರುವ 'ಎಂಸಿವಿ' ಎಂಬ ಸಾಲಿನ ಮೇಲೆ ಕಣ್ಣು ನಿಲ್ಲುವುದು ಅಪರೂಪ. ಕೆಂಪು ರಕ್ತಕಣಗಳ ಸರಾಸರಿ ಗಾತ್ರ ಹೇಳುವ ಅಂಕಿ ಅದು.

ಬರಿಗಣ್ಣಿಗೆ ಕಾಣದ ಜೀವಕೋಶವನ್ನು ಅಳೆಯುವುದು ಹೇಗೆ? 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಪುಟ್ಟ ಕೋಣೆಗಳನ್ನು 'ಸೆಲ್' ಎಂದು ಕರೆದ. ಅಷ್ಟಕ್ಕೇ ಬಿಡದೆ ಎಣಿಸಿಯೂ ನೋಡಿದ. ಅಂಗುಲದ ಉದ್ದಕ್ಕೆ ಸಾವಿರಕ್ಕೂ ಹೆಚ್ಚು! ಎಂದರೆ ಒಂದೊಂದರ ಅಗಲ ಸುಮಾರು 23 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್.

ಈಗ ಸೂಕ್ಷ್ಮದರ್ಶಕದ ನೇತ್ರಮಸೂರದೊಳಗೆ ಗೀಟು ಕೊರೆದ ಗಾಜಿನ ಬಿಲ್ಲೆ ಇಡುತ್ತಾರೆ. ಆ ಗೀಟುಗಳಿಗೆ ತಮ್ಮದೇ ಆದ ಬೆಲೆಯಿಲ್ಲ. ಒಂದು ಮಿಲಿಮೀಟರನ್ನು 100 ಮನೆಗಳಾಗಿ ಭಾಗಿಸಿದ ಗಾಜಿನ ಪಟ್ಟಿಯನ್ನು ಕೆಳಗಿಟ್ಟು ಹೋಲಿಸಬೇಕು. ಪಟ್ಟಿಯ 10 ಮನೆ, ಅಂದರೆ 100 ಮೈಕ್ರಾನ್, ಬಿಲ್ಲೆಯ 40 ಮನೆಗಳಿಗೆ ಸರಿಹೊಂದಿದರೆ ಬಿಲ್ಲೆಯ ಒಂದು ಮನೆ ಎರಡೂವರೆ ಮೈಕ್ರಾನ್. ರಕ್ತಕಣ ಅಂಥ ಮೂರು ಮನೆ ಹಿಡಿದರೆ ಅದರ ಅಗಲ ಏಳೂವರೆ ಮೈಕ್ರಾನ್. ಆರೋಗ್ಯವಂತರ ಕಣದ ಅಗಲ ಹೆಚ್ಚುಕಡಿಮೆ ಇಷ್ಟೇ.

ಆದರೆ ಕೆಂಪುಕಣ ಉಂಡೆಯಲ್ಲ. ತೂತು ಬೀಳದಂತೆ ನಡುವೆ ಒತ್ತಿದ ವಡೆಯ ಹಾಗೆ. ಬಲಿತ ಕಣದಲ್ಲಿ ಕೋಶಕೇಂದ್ರವೂ ಇಲ್ಲ, ಒಡಲ ತುಂಬ ಹಿಮೊಗ್ಲೋಬಿನ್. ಅಗಲವೊಂದರಿಂದಲೇ ಗಾತ್ರ ತಿಳಿಯದು. ಇದಕ್ಕೆ ಉಪಾಯ ಹುಡುಕಿದವನು ಅಮೆರಿಕದ ವಾಲೆಸ್ ಕೌಲ್ಟರ್. 1953ರಲ್ಲಿ ಪೇಟೆಂಟ್ ಪಡೆದ ಆತನ ವಿಧಾನದಲ್ಲಿ, ಲವಣದ ದ್ರಾವಣದಲ್ಲಿರುವ ಕಣಗಳು ಕಿರುರಂಧ್ರವೊಂದರಲ್ಲಿ ಒಂದೊಂದಾಗಿ ಹಾಯುತ್ತವೆ. ಕಣ ದೊಡ್ಡದಾದಷ್ಟೂ ವಿದ್ಯುತ್ ಹರಿವಿಗೆ ಅಡ್ಡಿ ಹೆಚ್ಚು. ವಯಸ್ಕರಲ್ಲಿ ಸರಾಸರಿ ಗಾತ್ರ ಸಾಮಾನ್ಯವಾಗಿ 80ರಿಂದ 100 ಘನ ಮೈಕ್ರಾನ್.

ಇದರಿಂದ ರೋಗಿಗೇನು ಲಾಭ? ಕಬ್ಬಿಣಾಂಶ ಸಾಲದಿದ್ದರೆ ಹಿಮೊಗ್ಲೋಬಿನ್ ತಯಾರಾಗದೆ ಕಣ ಕುಗ್ಗುತ್ತದೆ. ಬಿ12 ಅಥವಾ ಫೋಲಿಕ್ ಆಮ್ಲ ಸಾಲದಿದ್ದರೆ ಮಜ್ಜೆಯಲ್ಲಿ ಕೋಶವಿಭಜನೆ ತಡವಾಗಿ ಕಣ ದೊಡ್ಡದಾಗುತ್ತದೆ. ಎರಡೂ ರಕ್ತಹೀನತೆಯೇ, ಸುಸ್ತೂ ಒಂದೇ. ಔಷಧ ಮಾತ್ರ ಬೇರೆ. ಬಿ12 ಕೊರತೆಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯಬಹುದು.

ಆದರೂ ಅಂಕಿಯನ್ನೇ ನಂಬಿ ಕೂರುವಂತಿಲ್ಲ. ಥಲಸ್ಸೀಮಿಯಾದಲ್ಲೂ ಕಣ ಕಿರಿದಾಗಿರುತ್ತದೆ. ಎರಡೂ ಬಗೆಯ ಕೊರತೆ ಒಟ್ಟಿಗಿದ್ದರೆ ಕಿರಿದು, ಹಿರಿದು ಸೇರಿ ಸರಾಸರಿ ಸರಿಯಾಗಿಯೇ ಬರಬಹುದು. ಅಂಥ ಅನುಮಾನ ಬಂದಾಗ ಇಂದಿಗೂ ವೈದ್ಯರು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕಕ್ಕೇ ಕಣ್ಣಿಡುತ್ತಾರೆ.