ಡೈರೆಕ್ಟರಿಗೆ ಹೆಸರು ಸೇರಿಸೋ ಮುಂಚೆ

ಹೊಸದಾಗಿ ವೆಬ್‌ಸೈಟ್ ಮಾಡಿಸಿದವರಿಗೆ ಒಂದೆರಡು ವಾರದಲ್ಲೇ ಒಂದು ಫೋನ್ ಬರುತ್ತೆ. ‘ಸರ್, ನಿಮ್ಮ ಸೈಟು ಗೂಗಲ್‌ನಲ್ಲಿ ಕಾಣಿಸ್ತಾನೇ ಇಲ್ಲ. ನಾವು 500 ವೆಬ್ ಡೈರೆಕ್ಟರಿಗೆ ಸೇರಿಸಿಕೊಡ್ತೀವಿ. ಈ ರೇಟು ಇವತ್ತು ಮಾತ್ರ.’ ನಂಬರ್ ಅವರಿಗೆ ಹೇಗೆ ಸಿಕ್ತು ಅನ್ನೋದು ಬೇರೆ ಕಥೆ. ಹೇಳೋ ಧಾಟಿ ಮಾತ್ರ ಎಲ್ಲರದ್ದೂ ಒಂದೇ. ಮೊದಲು ಹೆದರಿಸೋದು, ಆಮೇಲೆ ಅವಸರ ಮಾಡೋದು.

ಈ ಮಾತಲ್ಲಿ ಸ್ವಲ್ಪ ನಿಜಾನೂ ಇದೆ, ತೊಂದರೆ ಆಗೋದೇ ಅದರಿಂದ. ಡೈರೆಕ್ಟರಿಯಲ್ಲಿ ಹೆಸರು ಇರೋದು ಒಳ್ಳೇದೇ. ಆದರೆ ಬೇಕಾಗಿರೋದು ಐದೋ ಆರೋ ಡೈರೆಕ್ಟರಿ, 500 ಅಲ್ಲ. ಆ ಐದಾರರಲ್ಲಿ ಸೇರಿಕೊಳ್ಳೋಕೆ ಬಹುಪಾಲು ದುಡ್ಡೇ ಬೇಕಿಲ್ಲ.

ಕಳೆದ ಬೇಸಿಗೆಯಲ್ಲಿ ಸಾಗರದಿಂದ ನಮ್ಮ ಅತ್ತಿಗೆ ಫೋನ್ ಮಾಡಿದ್ದು ಇದೇ ವಿಷಯಕ್ಕೆ. ಅವರು ಮನೆಯಲ್ಲೇ ಹಲಸಿನ ಹಪ್ಪಳ, ಬಾಳಕದ ಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತಾರೆ. ಕೆಲಸಕ್ಕೆ ಇನ್ನಿಬ್ಬರು ಹೆಂಗಸರು ಬರ್ತಾರೆ. ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಮಳೆಗಾಲ ಹಿಡಿಯೋದರೊಳಗಿನ ಎರಡು ಮೂರು ತಿಂಗಳದ್ದು. ‘ಎಂಟೂವರೆ ಸಾವಿರ ಕೇಳ್ತಿದ್ದಾನೆ ಮಾರಾಯ್ತಿ, ಕೊಟ್ಟುಬಿಡ್ಲಾ?’ ಅಂದರು. ಎಂಟೂವರೆ ಸಾವಿರ ಅಂದರೆ ಆ ಇಬ್ಬರ ಎಷ್ಟೋ ದಿನದ ಕೂಲಿ. ‘ತಡೀರಿ ಅತ್ತಿಗೆ, ಭಾನುವಾರ ಕೂತು ನೋಡೋಣ’ ಅಂದೆ. ಆ ಭಾನುವಾರ ಮತ್ತು ಅದರ ಮುಂದಿನ ಎರಡು ವಾರ ನಾವಿಬ್ಬರೂ ಮಾಡಿದ್ದನ್ನೇ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೆಯಲ್ಲೂ ಒಬ್ಬರು ಬೇಕರಿ, ಟೈಲರಿಂಗ್, ಟ್ಯೂಷನ್, ಹೋಮ್‌ಸ್ಟೇ ಅಂತ ನಡೆಸ್ತಾ ಇರ್ತಾರೆ. ಅವರ ಸೈಟಿನ ಕೆಲಸ ಕೊನೆಗೆ ಬೀಳೋದು ಮೊಬೈಲ್ ಹಿಡಿದು ಕೂತಿರೋ ನಮ್ಮ ತಲೆ ಮೇಲೇ ಅಲ್ವಾ?

ಡೈರೆಕ್ಟರಿ ಅಂದರೆ ಏನಾಗಿತ್ತು

1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ, ತಮಗೆ ಇಷ್ಟವಾದ ವೆಬ್‌ಸೈಟುಗಳ ಪಟ್ಟಿ ಮಾಡೋಕೆ ಶುರು ಮಾಡಿದರು. ಅದೇ ಮುಂದೆ ಯಾಹೂ ಆಯ್ತು. ಆಗ ಹುಡುಕೋದು ಅಂದರೆ ಮೇಲಿಂದ ಕೆಳಗೆ ಇಳಿಯೋದು: ಮೊದಲು ವಿಭಾಗ, ಅದರೊಳಗೆ ಉಪವಿಭಾಗ, ಅದರೊಳಗೆ ಊರು. ಲೈಬ್ರರಿಯಲ್ಲಿ ಕಪಾಟು ಹುಡುಕಿಕೊಂಡು ಹೋದ ಹಾಗೆ.

1998ರಲ್ಲಿ ಡಿಮಾಜ್ ಶುರುವಾಯ್ತು. ಅದರ ಇನ್ನೊಂದು ಹೆಸರು ಓಪನ್ ಡೈರೆಕ್ಟರಿ ಪ್ರಾಜೆಕ್ಟ್. ಅಲ್ಲಿ ಸಂಪಾದಕರೆಲ್ಲ ಸಂಬಳ ಇಲ್ಲದ ಸ್ವಯಂಸೇವಕರು. ನೀವು ಸೈಟಿನ ವಿಳಾಸ ಕಳಿಸಿದರೆ ಒಬ್ಬ ಮನುಷ್ಯ ಅದನ್ನ ತೆರೆದು ನೋಡಿ, ಯೋಗ್ಯ ಅನ್ನಿಸಿದರೆ ಸೇರಿಸ್ತಿದ್ದ. ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕಿತ್ತು. ಸೇರಿಸದೇನೂ ಇರಬಹುದಿತ್ತು. ಯಾಹೂ ಅಂತೂ ವ್ಯಾಪಾರದ ಸೈಟುಗಳಿಂದ ವರ್ಷಕ್ಕೆ 299 ಡಾಲರ್ ತಗೊಳ್ತಿತ್ತು, ಅದೂ ನೋಡೋದಕ್ಕೆ. ಸೇರಿಸೇ ಸೇರಿಸ್ತೀವಿ ಅನ್ನೋ ಭರವಸೆ ಅದರಲ್ಲಿ ಇರಲಿಲ್ಲ.

‘ಇಲ್ಲ’ ಅನ್ನೋ ಅಧಿಕಾರ ಅವರ ಕೈಯಲ್ಲಿ ಇದ್ದದ್ದರಿಂದಲೇ ಆ ಪಟ್ಟಿಗೆ ಬೆಲೆ ಬಂತು. ಗೂಗಲ್ ಕೂಡ ಡಿಮಾಜ್ ಪಟ್ಟಿಯನ್ನೇ ಇಟ್ಟುಕೊಂಡು ವರ್ಷಗಟ್ಟಲೆ ತನ್ನದೇ ಒಂದು ಡೈರೆಕ್ಟರಿ ನಡೆಸಿತ್ತು. ಇನ್ನೊಂದು ಕಾರಣಾನೂ ಇತ್ತು. ಒಂದು ಸೈಟಿನಿಂದ ಇನ್ನೊಂದಕ್ಕೆ ಇರೋ ಲಿಂಕನ್ನ ಗೂಗಲ್ ಒಂದು ಥರ ಶಿಫಾರಸು ಅಂತ ಲೆಕ್ಕ ಹಾಕುತ್ತೆ. ಒಳ್ಳೆ ಡೈರೆಕ್ಟರಿಯ ಲಿಂಕು ಅಂದರೆ ಊರಿನ ಹಿರಿಯರ ಶಿಫಾರಸು ಇದ್ದ ಹಾಗೆ.

ಶಿಫಾರಸಿಗೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಅದನ್ನ ಮಾರೋ ಅಂಗಡಿ ಹುಟ್ಟಲ್ವಾ? ಯಾರೂ ಓದದ, ದುಡ್ಡು ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳೋ ಡೈರೆಕ್ಟರಿಗಳು ಅಣಬೆ ಹಾಗೆ ಎದ್ದವು. 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಅನ್ನೋ ಬದಲಾವಣೆ ತಂದು, ಇಂಥ ಕೊಂಡ ಲಿಂಕುಗಳ ಮೇಲೆ ನಿಂತ ಸೈಟುಗಳನ್ನ ಕೆಳಗೆ ತಳ್ಳಿತು. ಕಳಪೆ ಡೈರೆಕ್ಟರಿಗಳ ಲಿಂಕನ್ನ ಗೂಗಲ್ ಈಗಲೂ ತನ್ನ ನಿಯಮಗಳಲ್ಲಿ ಸ್ಪ್ಯಾಮ್ ಸಾಲಿಗೇ ಸೇರಿಸುತ್ತೆ. ಯಾಹೂ ಡೈರೆಕ್ಟರಿ 2014ರ ಕೊನೆಯಲ್ಲಿ ಮುಚ್ಚಿತು. ಡಿಮಾಜ್ 2017ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದಾಗ ಅದರಲ್ಲಿ 38 ಲಕ್ಷಕ್ಕೂ ಹೆಚ್ಚು ಸೈಟುಗಳಿದ್ದವು. ಅದರ ಹಳೇ ಸಂಪಾದಕರು ಆ ಕೆಲಸವನ್ನ ಕರ್ಲೀ ಅನ್ನೋ ಹೆಸರಲ್ಲಿ ಮುಂದುವರಿಸಿದರು.

ಅಂದರೆ ಎಂಟೂವರೆ ಸಾವಿರಕ್ಕೆ ಅತ್ತಿಗೆಗೆ ಮಾರೋಕೆ ಬಂದಿದ್ದ ಸರಕು ಬೆಲೆ ಕಳಕೊಂಡು ಹತ್ತು ವರ್ಷದ ಮೇಲಾಗಿದೆ.

ಮೂರು ಪ್ರಶ್ನೆ ಕೇಳಿ

ಯಾವುದೇ ಡೈರೆಕ್ಟರಿ ನೋಡಿದರೂ ನಾನು ಕೇಳಿಕೊಳ್ಳೋದು ಮೂರೇ ಪ್ರಶ್ನೆ.

ಒಂದು, ಏನಾದರೂ ಬೇಕು ಅಂತ ಮನುಷ್ಯರು ಇದನ್ನ ನಿಜವಾಗಿ ತೆರೆದು ಹುಡುಕ್ತಾರಾ? ನಿಮ್ಮ ಊರಲ್ಲಿ ನಾಲ್ಕು ಜನರನ್ನ ಕೇಳಿ. ಯಾರೂ ಹೆಸರೇ ಕೇಳಿಲ್ಲ ಅಂದರೆ ಅಲ್ಲಿಗೆ ಮುಗೀತು.

ಎರಡು, ಇದು ಯಾರನ್ನಾದರೂ ಬೇಡ ಅನ್ನುತ್ತಾ? ಉಪ್ಪಿನಕಾಯಿ ವಿಭಾಗದಲ್ಲಿ ಸಾಲ ಕೊಡೋರು, ಜೂಜಿನ ಸೈಟು ಎಲ್ಲ ಸಾಲಾಗಿ ಕೂತಿದ್ದರೆ ಅಲ್ಲಿ ಬಾಗಿಲು ಕಾಯೋರು ಯಾರೂ ಇಲ್ಲ ಅಂತ ಅರ್ಥ.

ಮೂರು, ನನ್ನ ಊರಿಗೆ ಅಥವಾ ನನ್ನ ಕಸುಬಿಗೆ ಇದರಲ್ಲಿ ಜಾಗ ಇದೆಯಾ? ಟ್ರೆಕಿಂಗ್ ಕರ್ಕೊಂಡು ಹೋಗೋರಿಗೆ ಪ್ರವಾಸದ ಡೈರೆಕ್ಟರಿ, ವಕೀಲರಿಗೆ ವಕೀಲರ ಸಂಘದ ಪಟ್ಟಿ. ಚಿಕ್ಕದಾದರೂ ಸಂಬಂಧಪಟ್ಟದ್ದು ಮೇಲು.

ನಾವು ಮಾಡಿದ್ದು

ಮೊದಲ ಕೆಲಸ, ಸೈಟು ಗೂಗಲ್‌ಗೆ ಗೊತ್ತಿದೆಯಾ ಅಂತ ನೋಡೋದು. ಇದಕ್ಕೆ ಸರ್ಚ್ ಕನ್ಸೋಲ್ ಅಂತ ಗೂಗಲ್‌ನದೇ ಉಚಿತ ಸೌಲಭ್ಯ ಇದೆ. ಸೈಟು ನಮ್ಮದು ಅಂತ ತೋರಿಸಿ, ಪುಟಗಳ ಪಟ್ಟಿ ಇರೋ ಸೈಟ್‌ಮ್ಯಾಪ್ ಕೊಟ್ಟರೆ ಆಯ್ತು. ಅತ್ತಿಗೆ ಸೈಟಿನ ಎಂಟು ಪುಟದಲ್ಲಿ ಆರು ಆಗಲೇ ಗೂಗಲ್‌ನಲ್ಲಿ ಇದ್ದವು. ‘ಕಾಣಿಸ್ತಾನೇ ಇಲ್ಲ’ ಅಂದಿದ್ದು ಶುದ್ಧ ಸುಳ್ಳು.

ಎರಡನೇದು, ಗೂಗಲ್ ಬಿಸಿನೆಸ್ ಪ್ರೊಫೈಲ್. ಮ್ಯಾಪಿನಲ್ಲಿ ಅಂಗಡಿ ಹೆಸರು, ಫೋನು, ಸಮಯ ಕಾಣಿಸುತ್ತಲ್ಲ, ಅದೇ. ಇವತ್ತಿನ ಮಟ್ಟಿಗೆ ಜನ ನಿಜವಾಗಿ ತೆರೆಯೋ ಡೈರೆಕ್ಟರಿ ಅಂದರೆ ಇದು, ಮತ್ತೆ ಇದೂ ಉಚಿತ. ಒಂದು ನಿಯಮ ನೆನಪಿರಲಿ: ಗ್ರಾಹಕರ ಜೊತೆ ಮುಖಾಮುಖಿ ವ್ಯವಹಾರ ಇರೋರಿಗೆ ಮಾತ್ರ ಇದು, ಬರೀ ಆನ್‌ಲೈನ್ ಮಾರಾಟಕ್ಕೆ ಅಲ್ಲ. ಅತ್ತಿಗೆ ಪೇಟೆಯಲ್ಲಿ ಮನೆಮನೆಗೆ ಕೊಟ್ಟು ಬರೋದರಿಂದ ಅವರಿಗೆ ಅಡ್ಡಿ ಆಗಲಿಲ್ಲ.

‘ಮನೆ ವಿಳಾಸ ಊರಿಗೆಲ್ಲ ಕಾಣೋ ಹಾಗೆ ಹಾಕಬೇಕಾ?’ ಅಂತ ಅವರಿಗೆ ಅಳುಕು. ಮನೆಯಿಂದಲೇ ಕೆಲಸ ಮಾಡೋ ಹೆಂಗಸರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಹಾಕಬೇಕಿಲ್ಲ. ವಿಳಾಸ ಮುಚ್ಚಿಟ್ಟು, ಯಾವ ಊರುಗಳಿಗೆ ತಲುಪಿಸ್ತೀರಿ ಅಂತ ಮಾತ್ರ ತೋರಿಸಬಹುದು. ಇಂಥ ಪ್ರದೇಶ 20ರವರೆಗೆ ಸೇರಿಸಬಹುದು. ಆಮೇಲೆ ಗೂಗಲ್ ಪರಿಶೀಲನೆ ಮಾಡುತ್ತೆ, ಕೆಲವರಿಗೆ ಫೋನಿನಲ್ಲಿ, ಕೆಲವರಿಗೆ ವಿಡಿಯೊದಲ್ಲಿ. ನಮಗೆ ವಿಡಿಯೊ ಬಂತು. ಅತ್ತಿಗೆ ಹಪ್ಪಳ ಒಣಗಿಸೋ ಅಟ್ಟ, ಭರಣಿಗಳು, ಲೇಬಲ್ಲು ಎಲ್ಲ ತೋರಿಸಿ ಕಳಿಸಿದರು. ಪರಿಶೀಲನೆಗೆ ಕೋಡ್ ಬಂದರೆ ಫೋನ್ ಮಾಡಿ ಕೇಳಿದವರಿಗೆ ಯಾರಿಗೂ ಹೇಳಬೇಡಿ. ಆ ಕೋಡ್ ಕೊಟ್ಟರೆ ಅಂಗಡಿ ಬೀಗದ ಕೈ ಕೊಟ್ಟಂಗೆ.

ಹೆಸರಿನ ಜಾಗದಲ್ಲಿ ಅಂಗಡಿ ಹೆಸರು ಮಾತ್ರ ಇರಲಿ. ‘ಬೆಸ್ಟ್ ಹಪ್ಪಳ ಶಾಪ್ ಇನ್ ಸಾಗರ’ ಅಂತ ಬಾಲ ಅಂಟಿಸೋದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತ್ತಾಗಬಹುದು.

ಮೂರನೇದು, ಜಸ್ಟ್ ಡಯಲ್, ಇಂಡಿಯಾಮಾರ್ಟ್ ಥರದವು. ಎರಡೂ 1996ರಿಂದ ಇರೋವು, ಜನಕ್ಕೆ ಗೊತ್ತಿರೋವು. ಚಿಲ್ಲರೆ ಗಿರಾಕಿ ಬೇಕಾದರೆ ಮೊದಲನೇದು, ಸಗಟು ಬೇಕಾದರೆ ಎರಡನೇದು. ಎರಡರಲ್ಲೂ ಮೂಲ ಪಟ್ಟಿಗೆ ದುಡ್ಡಿಲ್ಲದೇ ಸೇರಬಹುದು. ಇಂಥ ಕಡೆ ಸೇರಿದ ಮೇಲೆ ಪ್ಯಾಕೇಜ್ ತಗೊಳ್ಳಿ ಅಂತ ಕರೆ ಬರೋದು ಸಹಜ. ‘ಆರು ತಿಂಗಳು ನೋಡ್ತೀನಿ’ ಅಂದರೆ ಸಾಕು.

ನಾಲ್ಕನೇದು, ಕರ್ಲೀ. ಸರಿಯಾದ ವಿಭಾಗಕ್ಕೆ ಹೋಗಿ ಒಂದೇ ಸಲ ಸೂಚಿಸಿ, ಮರೆತುಬಿಡಿ. ಸ್ವಯಂಸೇವಕರು ನೋಡಬೇಕಾದ್ದರಿಂದ ತಡ ಆಗುತ್ತೆ. ವಿವರಣೆಯಲ್ಲಿ ಹೊಗಳಿಕೆ ಇರಬಾರದು. ‘ಜಗತ್ಪ್ರಸಿದ್ಧ ರುಚಿ, ಒಮ್ಮೆ ತಿಂದರೆ ಬಿಡಲಾರಿರಿ’ ಅಂತ ಬರೆದರೆ ಅದು ಮದುವೆ ಮನೆ ಮಾತಾಯ್ತು. ನಾವು ಬರೆದದ್ದು ಇಷ್ಟೇ: ‘ಸಾಗರದಲ್ಲಿ ತಯಾರಾಗುವ ಹಲಸಿನ ಹಪ್ಪಳ, ಬಾಳಕದ ಮೆಣಸು ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ. ದರಪಟ್ಟಿ, ಅಂಚೆಯ ಮೂಲಕ ತರಿಸಿಕೊಳ್ಳುವ ವಿವರ.’ ಏನು, ಎಲ್ಲಿ, ಸೈಟಲ್ಲಿ ಏನು ಸಿಗುತ್ತೆ. ಎಲ್ಲ ಡೈರೆಕ್ಟರಿಗೂ ಇದೇ ಅಳತೆ ಸಾಕು.

ತಪ್ಪು ನಂಬರಿನ ಕಥೆ

ಇದೆಲ್ಲ ಮಾಡ್ತಿರುವಾಗಲೇ ಒಂದು ವಿಷಯ ಹೊರಗೆ ಬಂತು. ಬೆಂಗಳೂರಿನ ಹಳೇ ಗಿರಾಕಿಯೊಬ್ಬರು ಯಾರದೋ ಮದುವೆಯಲ್ಲಿ ಸಿಕ್ಕಿ, ‘ವ್ಯಾಪಾರ ನಿಲ್ಲಿಸಿಬಿಟ್ರಂತೆ, ಬೇಜಾರಾಯ್ತು’ ಅಂದರಂತೆ. ಅತ್ತಿಗೆಗೆ ದಿಗಿಲು. ವಿಚಾರಿಸಿದರೆ, ನಾವು ಎಂದೂ ಸೇರಿಸದ ಒಂದು ಡೈರೆಕ್ಟರಿಯಲ್ಲಿ ಅವರ ಅಂಗಡಿ ಹೆಸರಿತ್ತು. ಎಲ್ಲಿಂದಲೋ ಎತ್ತಿ ಹಾಕಿದ್ದರು. ಜೊತೆಗೆ ಅಣ್ಣ ಯಾವತ್ತೋ ಬಿಟ್ಟ ಹಳೇ ಮೊಬೈಲ್ ನಂಬರು. ಬಳಕೆ ನಿಂತ ನಂಬರನ್ನ 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಈಗ ಅದು ಯಾರದೋ ಪಾಲಾಗಿತ್ತು. ಆ ಪುಣ್ಯಾತ್ಮ ಹಪ್ಪಳದ ಕರೆಗಳಿಂದ ರೋಸಿಹೋಗಿ, ‘ಅಂಗಡಿ ಮುಚ್ಚಿದೆ, ಫೋನ್ ಇಡ್ರೀ’ ಅನ್ನೋದನ್ನ ರೂಢಿ ಮಾಡಿಕೊಂಡಿದ್ದರು. ಅವರ ತಪ್ಪೂ ಇಲ್ಲ ಬಿಡಿ.

ಎಷ್ಟು ಜನ ಹೀಗೆ ವಾಪಸ್ ಹೋದರೋ ಲೆಕ್ಕ ಇಲ್ಲ. ಅತ್ತಿಗೆ ಮಾತ್ರ ಆ ವರ್ಷ ಹಲಸಿನ ಹಪ್ಪಳ ಉಳಿದದ್ದಕ್ಕೆ ತಮ್ಮ ಕೈರುಚಿಯೇ ಕೆಟ್ಟಿತೇನೋ ಅಂತ ಒಳಗೊಳಗೇ ಕೊರಗಿದ್ದರು. ಕೆಲಸದವರಲ್ಲಿ ಒಬ್ಬರನ್ನ ಬಿಡಿಸೋ ಯೋಚನೆಯನ್ನೂ ಮಾಡಿದ್ದರಂತೆ. ಅದನ್ನ ಕೇಳಿದಾಗ ನಂಗೆ ಈ ಡೈರೆಕ್ಟರಿ ವಿಷಯದ ಭಾರ ನಿಜವಾಗಿ ಗೊತ್ತಾಯ್ತು. ಹೆಸರು ಎಲ್ಲೂ ಇಲ್ಲದಿದ್ದರೆ ಜನ ಇನ್ನೊಂದು ಕಡೆ ಹುಡುಕ್ತಾರೆ. ಹೆಸರು ಇದ್ದು ನಂಬರು ತಪ್ಪಿದ್ದರೆ, ಅಂಗಡಿ ಮುಚ್ಚಿತು ಅಂತ ನಂಬಿಬಿಡ್ತಾರೆ.

ತಿದ್ದಿಸೋಕೆ ಮೂರು ಮೇಲ್, ಹನ್ನೊಂದು ದಿನ ಹಿಡೀತು. ‘ಈ ವ್ಯಾಪಾರ ನಿಮ್ಮದೇ?’ ಅನ್ನೋ ಲಿಂಕ್ ಒತ್ತಿ, ಈಗಿನ ನಂಬರ್ ಕೊಟ್ಟು, ಎಫ್‌ಎಸ್‌ಎಸ್‌ಎಐ ನೋಂದಣಿಯ ಪ್ರತಿ ಕಳಿಸಿದ ಮೇಲೆ ಸರಿಯಾಯ್ತು. ಹಾಗಾಗಿ ಹೊಸ ಕಡೆ ಸೇರೋ ಮುಂಚೆ, ಈಗಾಗಲೇ ಎಲ್ಲೆಲ್ಲಿ ಇದ್ದೀರಿ ಅಂತ ಹುಡುಕಿ. ಅಂಗಡಿ ಹೆಸರನ್ನ ಕನ್ನಡದಲ್ಲೂ ಇಂಗ್ಲಿಷಲ್ಲೂ ಹಾಕಿ ನೋಡಿ. ಬಿಟ್ಟುಹೋದ ಹಳೇ ನಂಬರುಗಳನ್ನೂ ಹಾಕಿ ನೋಡಿ, ಆ ಪುಟ ನಮಗೆ ಸಿಕ್ಕಿದ್ದು ಹಾಗೇ.

ಕೊನೇ ಕೆಲಸ, ಒಂದು ನೋಟ್. ಅತ್ತಿಗೆ ಅಡುಗೆಮನೆಯ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆ ಮೀಸಲಿಟ್ಟಿದ್ದಾರೆ: ಯಾವ ಡೈರೆಕ್ಟರಿ, ಸೇರಿದ ತಾರೀಖು, ಯಾವ ಇಮೇಲ್, ಯಾವ ನಂಬರ್. ಹೆಸರು, ನಂಬರ್ ಎಲ್ಲ ಕಡೆ ಅಕ್ಷರ ಅಕ್ಷರ ಒಂದೇ ಇರಬೇಕು. ಒಂದು ಕಡೆ ‘ಹೋಮ್ ಪ್ರಾಡಕ್ಟ್ಸ್’, ಇನ್ನೊಂದು ಕಡೆ ‘ಗೃಹ ಉತ್ಪನ್ನಗಳು’ ಅಂತಿದ್ದರೆ ಗೂಗಲ್‌ಗೂ ಗೊಂದಲ, ಗಿರಾಕಿಗೂ ಗೊಂದಲ. ಇಮೇಲ್ ಮನೆಯವರದ್ದೇ ಆಗಿರಲಿ. ಸೈಟ್ ಮಾಡಿಕೊಟ್ಟ ಹುಡುಗನ ಇಮೇಲಿನಲ್ಲಿ ಎಲ್ಲ ಇದ್ದರೆ, ಅವನು ಊರು ಬಿಟ್ಟ ದಿನ ನಿಮ್ಮ ಹೆಸರೂ ಅವನ ಜೊತೆಗೇ ಹೋಗುತ್ತೆ.

ಫಲ? ಪವಾಡ ಏನೂ ಆಗಲಿಲ್ಲ. ಎರಡು ತಿಂಗಳಲ್ಲಿ ಮ್ಯಾಪ್ ನೋಡಿ ಬಂದ ಹೊಸ ಕರೆ 19, ಅದರಲ್ಲಿ ವ್ಯಾಪಾರ ಆದದ್ದು 11. ಉಳಿದ ಡೈರೆಕ್ಟರಿಗಳಿಂದ ನಾಲ್ಕು. ಬೆಂಗಳೂರಿನ ಆ ಹಳೇ ಗಿರಾಕಿ ಹತ್ತು ಕಟ್ಟು ಹಪ್ಪಳ ತರಿಸಿಕೊಂಡರು. ಕೆಲಸದ ಇಬ್ಬರೂ ಈ ವರ್ಷವೂ ಬರ್ತಿದ್ದಾರೆ.

ಈ ಭಾನುವಾರ ಊಟ ಆದ ಮೇಲೆ ಅರ್ಧ ಗಂಟೆ ಮಾಡಿಕೊಳ್ಳಿ. ನಿಮ್ಮ ಮನೆಯ ವ್ಯಾಪಾರದ ಹೆಸರನ್ನ ನಿಮ್ಮ ಫೋನಲ್ಲೇ ಒಮ್ಮೆ ಹುಡುಕಿ, ಅಲ್ಲಿ ಸಿಕ್ಕ ಪ್ರತಿಯೊಂದು ನಂಬರಿಗೂ ಗಿರಾಕಿ ಥರ ಒಂದು ಕರೆ ಮಾಡಿ. ಆ ಕಡೆ ಯಾರು ಎತ್ತುತ್ತಾರೆ ಅಂತ ಕೇಳಿಸಿಕೊಳ್ಳಿ.