ಮಾಂಸ ಬಿಟ್ಟವರ ಗಂಗಾಳದಲ್ಲಿ ಏನಿರಬೇಕು?



ಇಳಕಲ್ಲಿನ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆ ಬೇಡಲು ಹೊರಟರು. ಅದೇ ನೆಲದಲ್ಲಿ ಇಂದು ಲಿಂಗದೀಕ್ಷೆ ಪಡೆದು ಮಾಂಸ ಬಿಡುವವರನ್ನು ನಾವು ಸಂತೋಷದಿಂದ ಅಪ್ಪಿಕೊಳ್ಳುತ್ತೇವೆ. ಆದರೆ ಬಿಟ್ಟ ಮೇಲೆ ಏನು ಉಣ್ಣಬೇಕೆಂದು ಹೇಳುವವರು ಕಡಿಮೆ. ಮಾಂಸದ ಜಾಗಕ್ಕೆ ಬರೀ ಅನ್ನ, ತಿಳಿಸಾರು ಬಂದರೆ ದಿನವಿಡೀ ಮಗ್ಗದ ಮುಂದೆ ಕೂರುವವನಿಗೆ ಕಸುವು ಎಲ್ಲಿಂದ ಬರಬೇಕು? ಆಗ ದೂರು ದೀಕ್ಷೆಯ ಮೇಲೆಯೇ ಬರುತ್ತದೆ.

ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ತಾಯಂದಿರು ಬಡಿಸುವ ಊಟ ನೋಡಿ: ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಹಿಂಡಿ, ಗಡಿಗೆ ಮೊಸರು. ಇದಕ್ಕೆ ಮಡಕೆ ಕಾಳಿನದೋ ಹೆಸರುಕಾಳಿನದೋ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕೂಡಿಸಿಕೊಳ್ಳಿ. ಜೋಳದ ಪ್ರೋಟೀನಿನ ಕೊರತೆಯನ್ನು ಕಾಳು ತುಂಬುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ನಮ್ಮ ಕಡೆ ಚಹಾ ಬಿಡಿಸುವುದು ಮಾಂಸ ಬಿಡಿಸುವುದಕ್ಕಿಂತ ಕಷ್ಟ, ನಿಜ.

ಒಂದು ಮಾತು ಮುಚ್ಚಿಡಬಾರದು. ಬಿ12 ಜೀವಸತ್ವ ಕಾಳು, ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರು ದಿನವೂ ಬೇಕು. ಕೈಕಾಲು ಜೋಮು ಹಿಡಿಯುತ್ತಿದ್ದರೆ, ಸುಸ್ತು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದ ಗುಳಿಗೆ ತೆಗೆದುಕೊಳ್ಳಿ. ಬಸುರಿಯರು, ಬಾಣಂತಿಯರು ತಡಮಾಡಬಾರದು. ಗುಳಿಗೆ ನುಂಗಿದರೆ ಆಚಾರ ಕೆಡುವುದಿಲ್ಲ.

ಹಾಲು ಕೊಳ್ಳಲಾಗದ ಮನೆಗಳೂ ಇವೆ. ಬಾಗಲಕೋಟೆ, ಹುನಗುಂದದ ಮಠಗಳು ದಾಸೋಹದಲ್ಲಿ ಹುಗ್ಗಿಯನ್ನು ಒಂದು ಸೌಟು ಕಡಿಮೆ ಮಾಡಿ ಕಾಳುಪಲ್ಯ, ಮಜ್ಜಿಗೆ ಬಡಿಸಲಿ. ದೀಕ್ಷೆಯ ದಿನವೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅಡುಗೆಯ ಮಾತೂ ಆಡಲಿ. ಗಂಡಸರೂ ಕೇಳಿಸಿಕೊಳ್ಳಲಿ.