ಹಣದ ಆಟಕ್ಕೆ ಬೀಗ ಬಿತ್ತು, ಮಕ್ಕಳ ಗೇಮ್ ಚಟಕ್ಕೆ?



2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಯಾವುದಕ್ಕೂ ರಿಯಾಯಿತಿ ಇಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಕರ್ನಾಟಕ 2021ರಲ್ಲೇ ಇಂತಹ ನಿಷೇಧ ತಂದಿತ್ತು, ಆದರೆ 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು.

ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಹಾಗಾಗಿ ನಮಗೆ ಇದು ಸಮಾಧಾನದ ಸುದ್ದಿಯೇ. ಆದರೆ ಕಾನೂನು ಬಂತು, ಇನ್ನು ಮಕ್ಕಳ ಚಿಂತೆಯಿಲ್ಲ ಎಂದು ತಂದೆತಾಯಿ ಕೂತರೆ ತಪ್ಪಾಗುತ್ತದೆ. ಬಾಜಿಯಿಲ್ಲದ ಆಟಗಳಿಗೆ ಈ ಕಾಯ್ದೆಯಲ್ಲಿ ಅಡ್ಡಿಯಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾಯಿತು. ಮರುವರ್ಷ ಜುಲೈನಲ್ಲಿ ಅದೇ ಬಗೆಯ ಆಟ ಬಿಜಿಎಂಐ ಹೆಸರಿನಲ್ಲಿ ಬಂತು. ದ್ಯೂತ ನಿಂತರೂ ಅನರ್ಥದಂಡ ಉಳಿಯಿತು.

ವ್ಯಾಪಾರಸ್ಥನಾಗಿ ಒಂದು ಮಾತು ಹೇಳುತ್ತೇನೆ. ಪುಕ್ಕಟೆ ಸರಕು ಹಂಚುವ ಅಂಗಡಿ ಎಲ್ಲೂ ಇಲ್ಲ. ಈ ಆಟಗಳಿಗೆ ಪ್ರವೇಶ ಉಚಿತ. ಆಮೇಲೆ ಆಟದೊಳಗಿನ ಉಡುಪು, ಬಂದೂಕಿನ ಅಲಂಕಾರ ಮಾರಿ ಗಳಿಸುತ್ತಾರೆ. ಗಿರಾಕಿ ಹೆಚ್ಚು ಹೊತ್ತು ಒಳಗಿದ್ದಷ್ಟೂ ಲಾಭ. ಅದಕ್ಕೇ ದಿನದಿನವೂ ಬಂದವರಿಗೆ ಬಹುಮಾನ, ಆಡದಿದ್ದವರಿಗೆ ದರ್ಜೆಯಲ್ಲಿ ಇಳಿತ. ನಾಲ್ವರ ತಂಡದಲ್ಲಿ ಒಬ್ಬ ಎದ್ದರೆ ಉಳಿದ ಮೂವರಿಗೆ ಸೋಲು. ಊಟಕ್ಕೆ ಕರೆದರೂ ಮಗ ಏಳದಿರಲು ಹಟವೊಂದೇ ಕಾರಣವಲ್ಲ.

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡಿನಂತಹ ಊರುಗಳ ಮಕ್ಕಳು ಪಿಯುಸಿ ಮುಗಿಸಿ ಹಾಸನಕ್ಕೋ ಮೈಸೂರಿಗೋ ಹೋಗಿ ಹಾಸ್ಟೆಲಿನಲ್ಲಿ, ಬಾಡಿಗೆ ರೂಮಿನಲ್ಲಿ ಇರುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳುವವರಿಲ್ಲ. ಮೊಬೈಲ್, ಲ್ಯಾಪ್‌ಟಾಪ್ ಓದಿಗೂ ಬೇಕು. ಸೆಮಿಸ್ಟರ್ ಫಲಿತಾಂಶ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಊರಿನಲ್ಲಿರುವ ನಮಗೆ ವಿಷಯ ತಿಳಿಯುವುದೇ ಕೊನೆಗೆ.

ಆಡುವವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ; ಆ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದು ಹೇಳುವ ಗುರುತುಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಓದು, ಊಟ, ನಿದ್ರೆ, ನಂಟಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು. ಇವು ಬದುಕನ್ನು ಕೆಡಿಸುವ ಮಟ್ಟದಲ್ಲಿ ಸಾಮಾನ್ಯವಾಗಿ 12 ತಿಂಗಳು ಕಂಡರೆ ಚಟ ಎನ್ನುತ್ತಾರೆ. ತೀವ್ರವಾಗಿದ್ದರೆ ಅಷ್ಟು ದಿನ ಕಾಯಬೇಕಿಲ್ಲ.

ಮನೆಯವರು ಮಾಡಬಹುದಾದದ್ದು ಇಷ್ಟು. ಫಲಿತಾಂಶಕ್ಕೆ ಕಾಯದೆ ಹಾಜರಾತಿ ವಿಚಾರಿಸಿ. ತಿಂಗಳಿಗೊಮ್ಮೆ ಬ್ಯಾಂಕ್ ಲೆಕ್ಕವನ್ನು ಮಗ, ಮಗಳ ಜೊತೆಯಲ್ಲೇ ಕೂತು ನೋಡಿ. ಸಣ್ಣಸಣ್ಣ ಮೊತ್ತ ಪದೇಪದೇ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ. ಸಾಲದ ಆ್ಯಪ್ ಕಂಡರೆ ಬೈಯುವ ಮೊದಲು ಪೂರ್ತಿ ಲೆಕ್ಕ ಹೇಳಿಸಿ. ಮೊಬೈಲ್ ಕಿತ್ತು ಒಡೆದರೆ ಸ್ನೇಹಿತನ ಮೊಬೈಲ್ ಇದ್ದೇ ಇರುತ್ತದೆ, ಹೋಗುವುದು ಮಕ್ಕಳಿಗೆ ನಮ್ಮ ಮೇಲಿರುವ ನಂಬಿಕೆ. ಒಂಟಿತನ, ಇಂಗ್ಲಿಷ್ ಪಾಠದ ಭಯ, ಪರೀಕ್ಷೆಯ ಭಯ ಆಟದ ಹಿಂದೆ ಅಡಗಿರಬಹುದು.

ನೆರವು ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂತಹವರಿಗಾಗಿ ‘ಶಟ್’ ಕ್ಲಿನಿಕ್ ತೆರೆದಿದೆ. ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸಮಾಜದಲ್ಲಿ ಹೆಸರು ಹೋಗುತ್ತದೆ, ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂದು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ಸಾಲ ಬಡ್ಡಿ ಬೆಳೆಸುತ್ತದೆ ಎಂಬುದು ವ್ಯಾಪಾರಸ್ಥರಾದ ನಮಗೆಲ್ಲ ಗೊತ್ತು. ಈ ಚಟವೂ ಹಾಗೆಯೇ. ಬಸದಿ ಸಮಿತಿಗಳು, ಮಹಿಳಾ ಸಮಾಜಗಳು, ಯುವಕ ಸಂಘಗಳು ಮುಂದಿನ ಸಭೆಯಲ್ಲಿ ಅರ್ಧ ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಲಿ, 14416 ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಬರೆಸಲಿ.